ತಾಯಿಗೊಂದು ಗೋಡೆ ಪರದೆ

ಪ್ರಶ್ನೆ: 75 ದಾಟಿದ ನಮ್ಮ ತಾಯಿಯವರಿಗೆ ದಿನಾಂಕ, ತಿಥಿ ಹಾಗೂ ಮಾತ್ರೆಯ ಹೊತ್ತನ್ನು ಕನ್ನಡದಲ್ಲಿ ತೋರಿಸುವ ಸಣ್ಣ ಪರದೆಯನ್ನು ಕಡಿಮೆ ಖರ್ಚಿನಲ್ಲಿ ಮಾಡಬೇಕೆಂದಿದ್ದೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೇಕೇ, ಇಎಸ್‌ಪಿ32 ಎಂಬ ಸಣ್ಣ ನಿಯಂತ್ರಕ ಚಿಪ್ಪಿನ ಬೋರ್ಡ್ ಸಾಕೇ? ಟಚ್‌ಸ್ಕ್ರೀನ್ ಹಾಕಲೇ?

ಉತ್ತರ: ದಿನಕ್ಕೆ ನಾಲ್ಕೈದು ಬಾರಿ ಮಾತ್ರ ಬದಲಾಗುವ ಮಾಹಿತಿಗೆ ವೈಫೈ ಇರುವ ಇಎಸ್‌ಪಿ32 ಬೋರ್ಡ್ ಧಾರಾಳವಾಗಿ ಸಾಕು, ಪೈ ಕೊಂಡರೆ ಮೆಮೊರಿ ಕಾರ್ಡ್, ತಕ್ಕ ಅಡಾಪ್ಟರ್ ಎಂದು ಖರ್ಚು ಬೆಳೆಯುತ್ತದೆ. ಪರದೆಗೆ ಕಪ್ಪು-ಬಿಳುಪಿನ ಇ-ಪೇಪರನ್ನು (ಅಚ್ಚಾದ ಕಾಗದದಂತೆ ಕಾಣುವ ಪರದೆ) ಆರಿಸಿಕೊಳ್ಳಿ. ಅದರಲ್ಲಿ ಒಮ್ಮೆ ಮೂಡಿದ ಅಕ್ಷರ ಕರೆಂಟು ಹೋದರೂ ಅಳಿಯುವುದಿಲ್ಲ. ಆದರೆ ಅದಕ್ಕೆ ಸ್ವಂತ ಬೆಳಕಿಲ್ಲದ ಕಾರಣ ದೀಪದ ಹತ್ತಿರವೇ ತೂಗುಹಾಕಬೇಕು.

ನಿಜವಾದ ತೊಡಕು ಕನ್ನಡದ್ದು. ಇಂಥ ಬೋರ್ಡುಗಳ ಅನೇಕ ಲೈಬ್ರರಿಗಳು (ಪರದೆಗೆ ಬರೆಯುವ ಸಿದ್ಧ ಪ್ರೋಗ್ರಾಂಗಳು) ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಬಿಡಿಸುವುದರಿಂದ ‘ಕೃಷ್ಣಪಕ್ಷ’ದ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಾಗಾಗಿ ಇಡೀ ಪುಟವನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಸಿದ್ಧಪಡಿಸಿ ಬೋರ್ಡಿಗೆ ಕಳುಹಿಸುವುದೇ ಲೇಸು.

ಟಚ್‌ಸ್ಕ್ರೀನ್ ಬೇಡವೇ ಬೇಡ. ಒಣಗಿದ ಬೆರಳಿಗೆ ಅದು ಎಷ್ಟೋ ಸಲ ಸ್ಪಂದಿಸುವುದಿಲ್ಲ. ಒತ್ತಿದ್ದು ಕೈಗೆ ತಿಳಿಯುವಂಥ ದೊಡ್ಡ ಗುಂಡಿಗಳೆರಡು, ಒಂದು ‘ಮಾತ್ರೆ ನುಂಗಿದೆ’ ಎನ್ನಲು, ಇನ್ನೊಂದು ಪುಟ ತಿರುಗಿಸಲು, ತಾಯಿಯವರಿಗೆ ಹೆಚ್ಚು ಅನುಕೂಲ. ಗುಂಡಿಯ ಒಂದು ಕಾಲನ್ನು ಬೋರ್ಡಿನ ಗ್ರೌಂಡ್ (GND) ಪಿನ್ನಿಗೂ ಇನ್ನೊಂದನ್ನು ಬೇರೊಂದು ಪಿನ್ನಿಗೂ ಜೋಡಿಸಿ, ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿರುವಾಗ ಪಿನ್ನನ್ನು ‘ಹೈ’ ಮಟ್ಟದಲ್ಲೇ ಹಿಡಿದಿಡುವ ರೆಸಿಸ್ಟರ್) ಪ್ರೋಗ್ರಾಂನಲ್ಲಿ ಚಾಲೂ ಮಾಡಿ. ಮೂಲ ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್ನುಗಳಲ್ಲಿ ಆ ಸೌಲಭ್ಯವಿಲ್ಲವಾದ್ದರಿಂದ ಅವನ್ನು ಬಿಟ್ಟು ಬೇರೆಯದನ್ನು ಬಳಸಿ.