ಎರಡಿದ್ದಾಗ ಸರಿಯಿದ್ದ ರ‍್ಯಾಮ್ ನಾಲ್ಕಾದಾಗ ಕೈಕೊಟ್ಟಿದ್ದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಕಳೆದ ವರ್ಷ ಬಿಡಿಭಾಗ ತರಿಸಿ ನಾನೇ ಪಿಸಿ ಜೋಡಿಸಿಕೊಂಡೆ. ರೈಜನ್ 7 7700 ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5-6000 ಸ್ಟಿಕ್. ಎಕ್ಸ್‌ಪೋ (ರ‍್ಯಾಮನ್ನು ಡಬ್ಬಿಯ ಮೇಲಿನ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡಿಯೇ ವರ್ಷವಿಡೀ ಚೆನ್ನಾಗಿ ನಡೆಯಿತು. ಎರಡು ತಿಂಗಳ ಹಿಂದೆ ಅದೇ ಮಾಡೆಲ್‌ನ ಇನ್ನೊಂದು ಜೋಡಿ ಹಾಕಿ 64 ಜಿಬಿ ಮಾಡಿದೆ. ಅಂದಿನಿಂದ ರೆಂಡರ್ ಅರ್ಧಕ್ಕೆ ನಿಲ್ಲುತ್ತಿದೆ, ಆಗಾಗ ನೀಲಿ ಪರದೆ ಬರುತ್ತದೆ. ಅಂಗಡಿಯವರು ಹೊಸ ಜೋಡಿಯನ್ನು ಬದಲಿಸಿಕೊಟ್ಟರೂ ಅದೇ ಕಥೆ. ಎಕ್ಸ್‌ಪೋ ಆಫ್ ಮಾಡಿದರೆ ಎಲ್ಲ ಸರಿ, ಆದರೆ ವೇಗ ಬರೀ 3600 ಎನ್ನುತ್ತದೆ. ದುಡ್ಡು ಕೊಟ್ಟದ್ದು 6000ಕ್ಕೆ. ಏನು ಮಾಡಲಿ?
(ಓದುಗರು, ದಾವಣಗೆರೆ)

ಉತ್ತರ: ವೇಗದ ಮಾತು ಆಮೇಲೆ. ಮೊದಲು ಎಕ್ಸ್‌ಪೋ ಆಫ್ ಮಾಡಿ, ಈ ಎರಡು ತಿಂಗಳಲ್ಲಿ ಕ್ಯಾಮೆರಾ ಕಾರ್ಡ್‌ನಿಂದ ಡಿಸ್ಕಿಗೆ ಇಳಿಸಿಕೊಂಡ ವಿಡಿಯೊಗಳನ್ನು ಒಂದೊಂದಾಗಿ ತೆರೆದು ನೋಡಿ. ಕಾಪಿಯಾಗುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಚಿಕೊಂಡರೆ ಡಿಸ್ಕಿನಲ್ಲಿ ಕೂರುವುದೂ ತಿರುಚಿದ್ದೇ, ಯಾವ ಸೂಚನೆಯೂ ಬರುವುದಿಲ್ಲ. ಧಾರೆಯ ಗಳಿಗೆಯನ್ನು ಮತ್ತೆ ಶೂಟ್ ಮಾಡಲಾಗದು. ಹಾಗಾಗಿ ಫಾರ್ಮ್ಯಾಟ್ ಮಾಡದ ಕಾರ್ಡ್‌ಗಳಿದ್ದರೆ ಹಾಗೆಯೇ ಎತ್ತಿಡಿ. ಡಿಡಿಆರ್5 ಚಿಪ್ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಹಲವರು ನೆಮ್ಮದಿಯಿಂದಿರುತ್ತಾರೆ. ಅದು ತಿದ್ದುವುದು ಚಿಪ್ಪಿನೊಳಗಿನ ತಪ್ಪನ್ನು ಮಾತ್ರ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಕೆಟ್ಟದ್ದಕ್ಕೆ ಅದರ ಕಾವಲಿಲ್ಲ, ನಿಮ್ಮ ತೊಂದರೆ ಇರುವುದು ಬಹುಪಾಲು ಆ ದಾರಿಯಲ್ಲೇ.

ಕಲ್ಯಾಣ ಮಂಟಪದ ಮೈಕ್ ನಿಮಗೆ ಗೊತ್ತೇ ಇದೆ. ನಿಧಾನವಾಗಿ ಮಾತಾಡಿದರೆ ಪ್ರತಿಧ್ವನಿ ಇದ್ದರೂ ಅರ್ಥವಾಗುತ್ತದೆ. ಗಡಿಬಿಡಿಯಲ್ಲಿ ಮಾತಾಡಿದರೆ ಹಿಂದಿನ ಪದದ ಪ್ರತಿಧ್ವನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಪ್ರೊಸೆಸರ್‌ನಿಂದ ರ‍್ಯಾಮಿಗೆ ಹೋಗುವ ದಾರಿಗೆ ಚಾನೆಲ್ ಎನ್ನುತ್ತಾರೆ, ನಿಮ್ಮ ಬೋರ್ಡಿನಲ್ಲಿ ಅವು ಎರಡು. ನಾಲ್ಕು ಸ್ಟಿಕ್ ಎಂದರೆ ಒಂದು ಚಾನೆಲ್‌ಗೆ ಎರಡು, ಆಗ ಎರಡಕ್ಕೂ ತಂತಿಗಳು ಒಂದೇ. ಒಂದಕ್ಕೆ ಹೋದ ಸಂಕೇತ ಇನ್ನೊಂದರಿಂದ ಪ್ರತಿಫಲಿಸಿ ಬರುತ್ತದೆ. ವೇಗ ಹೆಚ್ಚಿದಷ್ಟೂ ಪ್ರೊಸೆಸರ್‌ಗೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ಆದ್ದರಿಂದಲೇ ರೈಜನ್ 7000 ಸರಣಿಗೆ ಎಎಂಡಿ ಹೇಳಿರುವ ಅಧಿಕೃತ ವೇಗ ಎರಡು ಸ್ಟಿಕ್‌ಗೆ 5200, ನಾಲ್ಕಕ್ಕೆ 3600. ನಿಮಗೆ ಕಂಡ 3600 ದೋಷವಲ್ಲ. ಡಬ್ಬಿಯ ಮೇಲಿನ 6000 ಓವರ್‌ಕ್ಲಾಕ್ ವೇಗ, ಅಂದರೆ ಅಧಿಕೃತ ಮಿತಿ ಮೀರಿದ್ದು, ಅದೂ ಆ ಡಬ್ಬಿಯೊಳಗಿನ ಎರಡನ್ನು ಜೋಡಿಯಾಗಿ ಪರೀಕ್ಷಿಸಿ ಬರೆದದ್ದು. ಇದನ್ನು ಅಂಗಡಿಯವರು ಮಾರುವಾಗಲೇ ಹೇಳಬೇಕಿತ್ತು.

ಎಕ್ಸ್‌ಪೋ ಆಫ್ ಇರುವಾಗಲೇ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ. ಈ ಮದರ್‌ಬೋರ್ಡ್‌ಗಳಲ್ಲಿ ಹೊಸ ಬಯಾಸ್‌ನಿಂದಲೇ ರ‍್ಯಾಮ್ ಸ್ಥಿರತೆ ಸುಧಾರಿಸಿದ್ದುಂಟು. ಆಮೇಲೆ ಒಂದು ಜೋಡಿ ತೆಗೆದು, ಉಳಿದದ್ದನ್ನು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ, 6000ದಲ್ಲಿ ಪರೀಕ್ಷಿಸಿ. ಇನ್ನೊಂದು ಜೋಡಿಗೂ ಹೀಗೆಯೇ. ಎರಡೂ ಪಾಸಾದರೆ ಯಾವ ಸ್ಟಿಕ್ಕೂ ಕೆಟ್ಟಿಲ್ಲ. ಆಗ ನಾಲ್ಕನ್ನೂ ಹಾಕಿ, ಎಕ್ಸ್‌ಪೋ ಆನ್ ಮಾಡಿ, ವೇಗವನ್ನು ಮಾತ್ರ 5200ಕ್ಕೆ ಇಳಿಸಿ. ಆಗದಿದ್ದರೆ 4800.

ಪ್ರತಿ ಸಲ ವೇಗ ಬದಲಿಸಿದಾಗ ಬೋರ್ಡ್ ರ‍್ಯಾಮಿಗೆ ಹೊಸದಾಗಿ ಟ್ರೈನಿಂಗ್ ಮಾಡುತ್ತದೆ, ಅಂದರೆ ಸಂಕೇತಗಳ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಿಕೊಳ್ಳುತ್ತದೆ. 64 ಜಿಬಿ ಇದ್ದಾಗ ಪರದೆ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಸತ್ತೇಹೋಯಿತೆಂದು ಪವರ್ ಬಟನ್ ಒತ್ತಬೇಡಿ, ಒಂದು ಕಾಫಿ ಕುಡಿದು ಬನ್ನಿ. ಹಳೆಯ ಟ್ರೈನಿಂಗನ್ನೇ ಮರುಬಳಸುವ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆಯನ್ನು ಈ ಪ್ರಯೋಗ ಮುಗಿಯುವವರೆಗೆ ಆಫ್ ಇಡಿ.

ವೋಲ್ಟೇಜ್ ಏರಿಸಿ ಎಂದು ಯಾರಾದರೂ ಸಲಹೆ ಕೊಟ್ಟಾರು. ಪ್ರೊಸೆಸರ್‌ನಲ್ಲಿ ರ‍್ಯಾಮ್ ನಿಭಾಯಿಸುವ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜ್ 1.3 ವೋಲ್ಟ್ ದಾಟಲೇಬಾರದು. 2023ರಲ್ಲಿ ಈ ಸರಣಿಯ ಕೆಲವು ಪ್ರೊಸೆಸರ್‌ಗಳು ಸುಟ್ಟ ಬಳಿಕ ಎಎಂಡಿಯೇ ಬಯಾಸ್ ಮೂಲಕ ಹಾಕಿದ ಮಿತಿ ಅದು.

ವಿಂಡೋಸ್ ತೆರೆದುಕೊಂಡಿತು ಎಂದರೆ ಪರೀಕ್ಷೆ ಪಾಸಾದಂತಲ್ಲ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಮರುದಿನ ವಿಂಡೋಸ್‌ನಲ್ಲಿ ಓಸಿಸಿಟಿ ಎಂಬ ಇನ್ನೊಂದು ಪರೀಕ್ಷಾ ತಂತ್ರಾಂಶ ಓಡಿಸಿ, ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗೂ ಕೆಲಸ ಕೊಡಿ. ಆ ಕಾರ್ಡಿನ ಬಿಸಿ ರ‍್ಯಾಮಿಗೂ ತಟ್ಟುತ್ತದೆ. ನಾಲ್ಕು ಸ್ಟಿಕ್ ಅಂಟಿಕೊಂಡಿದ್ದಾಗ ನಡುವೆ ಗಾಳಿಯೂ ಆಡುವುದಿಲ್ಲ, ತಣ್ಣಗಿದ್ದಾಗ ಬರದ ತಪ್ಪು ಆಗ ಬರುತ್ತದೆ. ಒಂದೇ ಒಂದು ತಪ್ಪು ಕಂಡರೂ ಆ ವೇಗ ನಿಮಗೆ ಬೇಡ.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಈ ನಾಲ್ಕನ್ನೂ ಕೊಟ್ಟು, 32 ಜಿಬಿಯ ಎರಡು ಸ್ಟಿಕ್ ಇರುವ ಒಂದೇ ಡಬ್ಬಿ ತರುತ್ತಿದ್ದೆ. 64 ಜಿಬಿಯೂ ಉಳಿಯುತ್ತದೆ, 6000 ಓಡುವ ಸಾಧ್ಯತೆಯೂ ಬಹಳ ಹೆಚ್ಚು. ವಿನಿಮಯ ಆಗದಿದ್ದರೆ ಪಾಸಾದ ವೇಗದಲ್ಲೇ ಕೆಲಸ ಮಾಡಿ. ರೆಂಡರ್‌ನ ಹೆಚ್ಚಿನ ಭಾರ ಹೊರುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್.

ಪ್ರಶ್ನೆ: 6000 ಎಂದು ಕೊಂಡ ರ‍್ಯಾಮ್, ಪಿಸಿಯ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 2400 ತೋರಿಸುತ್ತಿದೆ. ಮೋಸ ಹೋದೆನೇ?
(ಓದುಗರು, ಶಿರಸಿ)

ಉತ್ತರ: ಇಲ್ಲ. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುತ್ತದೆ, ಆದ್ದರಿಂದ ಅಲ್ಲಿನ 2400 ಎಂದರೆ 4800. ಅಂದರೆ ಎಕ್ಸ್‌ಪೋ ಅಥವಾ ಅಂಥದ್ದೇ ಇಂಟೆಲ್ ಆಯ್ಕೆಯಾದ ಎಕ್ಸ್‌ಎಂಪಿ ಇನ್ನೂ ಆನ್ ಆಗಿಲ್ಲ. ಬಯಾಸ್‌ನಲ್ಲಿ ಆನ್ ಮಾಡಿದರೆ 3000ದ ಆಸುಪಾಸು ತೋರಿಸಬೇಕು. ಆನ್ ಮಾಡಿದ ರಾತ್ರಿಯೇ ಮೇಲೆ ಹೇಳಿದ ಪರೀಕ್ಷೆ ಮುಗಿಸಿಬಿಡಿ.