ಕುಡಿಯದ ಹುಡುಗನಿಗೆ ಮೇದೋಜೀರಕ ಗ್ರಂಥಿಯ ಕಲ್ಲು

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಐದು ವರ್ಷಗಳಿಂದ ಆಗಾಗ ಹೊಟ್ಟೆನೋವು. ಗ್ಯಾಸ್ಟ್ರಿಕ್ ಎಂದೇ ಮಾತ್ರೆ ಕೊಡಿಸುತ್ತಿದ್ದೆವು. ನೋವು ಬಂದಾಗ ಹೊಟ್ಟೆಗೆ ದಿಂಬು ಒತ್ತಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾನೆ. ಈಗ ಸ್ಕ್ಯಾನ್‌ನಲ್ಲಿ ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕಲ್ಲುಗಳು ಕಂಡಿದ್ದು, ಕಾರಣ ತಿಳಿಯದು ಎಂದಿದ್ದಾರೆ. ಕದ್ದು ಕುಡಿಯುತ್ತಿರಬೇಕೆಂದು ನೆಂಟರು ಆಡಿಕೊಳ್ಳುತ್ತಾರೆ. ನಾವು ಮರಗೆಣಸು ಹೆಚ್ಚು ತಿನ್ನುವವರು; ಅದರಿಂದ ಬಂದಿರಬಹುದೇ?
– ಓದುಗರೊಬ್ಬರು, ಸುಳ್ಯ ತಾಲ್ಲೂಕು

ಉತ್ತರ: ನೆಂಟರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹದಿಹರೆಯದಲ್ಲೇ ಶುರುವಾಗಿ ನಾಳದಲ್ಲಿ ದೊಡ್ಡ ಕಲ್ಲು ಕಟ್ಟುವ ಈ ಬಗೆಯ ದೀರ್ಘಕಾಲದ ಉರಿಯೂತ ದಕ್ಷಿಣ ಭಾರತದ ವೈದ್ಯರಿಗೆ ಹೊಸದಲ್ಲ. ಮದ್ಯವನ್ನೇ ಮುಟ್ಟದ ಇಂಥ ನೂರಾರು ರೋಗಿಗಳನ್ನು ಕೇರಳದಲ್ಲಿ ಡಾ. ಗೀವರ್ಗೀಸ್ 1960ರ ದಶಕದಲ್ಲೇ ದಾಖಲಿಸಿದ್ದರು. ಮರಗೆಣಸಿನಲ್ಲಿರುವ ಸಯನೈಡ್ ಅಂಶದ ಮೇಲೆ ಆಗ ಗುಮಾನಿ ಇದ್ದದ್ದು ನಿಜ. ಆದರೆ ಅದನ್ನು ತಿನ್ನದ ಪ್ರದೇಶಗಳಲ್ಲೂ ಕಾಯಿಲೆ ಕಂಡುಬಂದದ್ದರಿಂದ ಆ ವಾದ ನಿಲ್ಲಲಿಲ್ಲ. ನೀವು ಉಣಬಡಿಸಿದ್ದರಿಂದ ಹೀಗಾಯಿತೆಂಬ ಕೊರಗು ಬೇಡ.

ಇಂಥ ಅನೇಕ ರೋಗಿಗಳಲ್ಲಿ ಸ್ಪಿಂಕ್1 ಎಂಬ ಜೀನಿನ ದೋಷ ಸಿಗುತ್ತದೆ. ಆದರೆ ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು ಇಬ್ಬರಲ್ಲಿ ಅದು ಇರುವುದರಿಂದ ಅದೊಂದನ್ನೇ ಕಾರಣವೆನ್ನಲಾಗದು. ರಕ್ತದ ಕ್ಯಾಲ್ಸಿಯಂ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಅವು ತೀರಾ ಹೆಚ್ಚಿದ್ದರೂ ಈ ಗ್ರಂಥಿಗೆ ಉರಿಯೂತ ಬರಬಹುದು; ಅವು ಚಿಕಿತ್ಸೆಯಿರುವ ಕಾರಣಗಳು.

ಕಾರಣ ಸಿಗದಿದ್ದರೂ ಚಿಕಿತ್ಸೆ ನಿಲ್ಲುವುದಿಲ್ಲ. ನೋವು ಕೊಡುವ ದೊಡ್ಡ ಕಲ್ಲನ್ನು ಹೊರಗಿನಿಂದ ಆಘಾತ ತರಂಗ ಹಾಯಿಸಿ ಪುಡಿಮಾಡಿ, ಎಂಡೋಸ್ಕೋಪಿಯಿಂದ ನಾಳ ತೆರವು ಮಾಡಬಹುದು. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಮೇಲು.

ನನ್ನ ಅನುಭವದಲ್ಲಿ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಜೀರ್ಣಶಕ್ತಿ. ಮಲ ಜಿಡ್ಡಾಗಿ ತೇಲುತ್ತದೆಯೇ, ನೀರು ಹಾಕಿದರೂ ಎಣ್ಣೆಯ ಪದರ ಉಳಿಯುತ್ತದೆಯೇ, ತೂಕ ಇಳಿಯುತ್ತಿದೆಯೇ ಎಂದು ಮಗನನ್ನು ಕೇಳಿ. ಆ ವಯಸ್ಸಿನ ಹುಡುಗರು ಇದನ್ನು ತಾವಾಗಿ ಹೇಳುವುದಿಲ್ಲ. ಹೌದೆಂದರೆ, ಆಹಾರ ಜೀರ್ಣಿಸಲು ಈ ಗ್ರಂಥಿ ಸುರಿಸುವ ಕಿಣ್ವ ಸಾಲುತ್ತಿಲ್ಲವೆಂದು ಅರ್ಥ; ಕಿಣ್ವದ ಕ್ಯಾಪ್ಸೂಲ್ ಬೇಕಾಗುತ್ತದೆ. ಬಹಳ ಮಂದಿ ಅದನ್ನು ಉಂಡು ಕೈತೊಳೆದ ಮೇಲೆ ನುಂಗುತ್ತಾರೆ. ಅನ್ನದೊಂದಿಗೆ ಬೆರೆಯದ ಕಿಣ್ವದಿಂದ ಪ್ರಯೋಜನ ಕಡಿಮೆ. ಮೊದಲ ತುತ್ತಿಗೊಮ್ಮೆ, ನಡು ಊಟದಲ್ಲೊಮ್ಮೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಲಿ. ತುಪ್ಪ, ಎಣ್ಣೆಗಳನ್ನು ಪೂರ್ತಿ ಬಿಡಿಸಿ ಹುಡುಗನನ್ನು ಒಣಗಿಸಬೇಡಿ.

ಇನ್ಸುಲಿನ್ ತಯಾರಾಗುವುದೂ ಇದೇ ಗ್ರಂಥಿಯಲ್ಲಾದ್ದರಿಂದ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಈಗಿನಿಂದಲೇ ವರ್ಷಕ್ಕೊಮ್ಮೆಯಾದರೂ ರಕ್ತದ ಸಕ್ಕರೆ ನೋಡಿಸಿ. ಸಿಗರೇಟು ಗ್ರಂಥಿಯನ್ನು ಬೇಗ ಕೆಡಿಸುತ್ತದೆ. ಕುಡಿತದ ಬಗ್ಗೆ ವಿಚಾರಿಸುವ ನೆಂಟರು ಇದನ್ನು ಮರೆತುಬಿಡುತ್ತಾರೆ, ನೀವು ಮರೆಯಬೇಡಿ.