ಫಾರ್ಮ್ಯಾಟ್ ಜಗಳದಲ್ಲಿ ಕೊಂಡವರಿಗೆ ಸಿಕ್ಕಿದ್ದೇನು?

ಪ್ರಶ್ನೆ: ಕಂಪನಿಗಳು ಪೈಪೋಟಿಗೆ ಬಿದ್ದರೆ ಬೆಲೆ ಇಳಿದು ಗ್ರಾಹಕರಿಗೆ ಲಾಭವಾಗುತ್ತದೆ ಎಂದು ಅರ್ಥಶಾಸ್ತ್ರದ ಪಾಠದಲ್ಲಿ ಓದಿದ್ದೇವೆ. ಹೈ-ಡೆಫಿನಿಷನ್ ಸಿನಿಮಾ ಡಿಸ್ಕುಗಳಾದ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ನಡುವೆ ನಡೆದ ಪೈಪೋಟಿಗೂ ಇದು ಅನ್ವಯಿಸುತ್ತದೆಯೇ? ಕಾಲೇಜಿನ ಚರ್ಚಾಸ್ಪರ್ಧೆಗೆ ಬೇಕಿದೆ.
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಾಠ ಸರಿಯಾಗಿಯೇ ಇದೆ. ಆದರೆ ಒಂದೇ ಬಗೆಯ ಸರಕನ್ನು ಹಲವರು ಮಾರುವಾಗ ಮಾತ್ರ ಅದು ನೇರವಾಗಿ ಹೊಂದುತ್ತದೆ. ಅಕ್ಕಿ ಅಂಗಡಿ ಬದಲಿಸಿದರೆ ಮನೆಯ ಪಾತ್ರೆ ಬದಲಿಸಬೇಕಾಗಿಲ್ಲ. ವಿಡಿಯೊ ಫಾರ್ಮ್ಯಾಟ್ (ಡಿಸ್ಕ್ ಅಥವಾ ಟೇಪಿನಲ್ಲಿ ಚಿತ್ರ ತುಂಬಿಡುವ ಪದ್ಧತಿ) ಬದಲಾದರೆ ಪ್ಲೇಯರ್ ಜೊತೆಗೆ ವರ್ಷಗಟ್ಟಲೆ ಕೂಡಿಟ್ಟ ಡಿಸ್ಕುಗಳೂ ಮೂಲೆ ಸೇರುತ್ತವೆ. ಹಾಗಾಗಿ ಚರ್ಚೆ ಶುರುಮಾಡುವ ಮೊದಲೇ ಎರಡನ್ನು ಬಿಡಿಸಿಟ್ಟುಕೊಳ್ಳಿ: ಒಂದೇ ಫಾರ್ಮ್ಯಾಟಿನೊಳಗೆ ತಯಾರಕರ ಪೈಪೋಟಿ ಒಂದು, ಫಾರ್ಮ್ಯಾಟುಗಳ ನಡುವಿನ ಪೈಪೋಟಿ ಇನ್ನೊಂದು. ಮೊದಲನೆಯದರಿಂದ ಕೊಳ್ಳುವವರಿಗೆ ಬಹುಮಟ್ಟಿಗೆ ಒಳ್ಳೆಯದೇ ಆಗಿದೆ. ಎರಡನೆಯದರಲ್ಲಿ ಲಾಭವಾದದ್ದು ಕಾದು ಕುಳಿತವರಿಗೆ. ಆ ಲಾಭದ ಬೆಲೆ ತೆತ್ತವರು ಮೊದಲು ಕೊಂಡವರು.

ಲೆಕ್ಕ ನೋಡಿ. ತೋಷಿಬಾದ ಮೊದಲ ಎಚ್‌ಡಿ ಡಿವಿಡಿ ಪ್ಲೇಯರ್ ಅಮೆರಿಕದ ಅಂಗಡಿಗೆ ಬಂದದ್ದು 2006ರ ಏಪ್ರಿಲ್‌ನಲ್ಲಿ, 499 ಡಾಲರಿಗೆ. ಎರಡು ತಿಂಗಳ ನಂತರ ಬಂದ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರಿಗೆ 999 ಡಾಲರ್. ಅದೇ ನವೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3ರೊಳಗೆ ಬ್ಲೂ-ರೇ ಡ್ರೈವ್ ಇಟ್ಟು 499 ಡಾಲರಿನಿಂದ ಮಾರತೊಡಗಿತು. ಮರುವರ್ಷ, 2007ರ ನವೆಂಬರಿನ ಮೊದಲ ವಾರದಲ್ಲಿ, ವಾಲ್‌ಮಾರ್ಟ್‌ನಲ್ಲಿ ತೋಷಿಬಾ ಪ್ಲೇಯರ್ ನೂರು ಡಾಲರಿಗೂ ಕಡಿಮೆಗೆ ಸಿಕ್ಕಿತು. ಒಂದೂವರೆ ವರ್ಷದಲ್ಲಿ ಐದನೇ ಒಂದು ಪಾಲಿಗೆ ಇಳಿದ ಬೆಲೆ ಇದು. ಪೈಪೋಟಿಯ ಪರವಾಗಿ ಮಾತಾಡುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನೀವು ಮುಂದಿನ ನಾಲ್ಕು ತಿಂಗಳನ್ನೂ ಹೇಳಿ. 2008ರ ಜನವರಿ 4ರಂದು ವಾರ್ನರ್ ಸಿನಿಮಾ ಸಂಸ್ಥೆ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಪ್ರಕಟಿಸಿತು. ಫೆಬ್ರುವರಿ 19ರಂದು ತೋಷಿಬಾ ಕೈಚೆಲ್ಲಿತು. ಹಬ್ಬದ ರಿಯಾಯಿತಿಯಲ್ಲಿ ನೂರು ಡಾಲರಿಗೆ ಪ್ಲೇಯರ್ ತಂದವರಿಗೆ ಹೊಸ ಸಿನಿಮಾಗಳ ದಾರಿ ಅಲ್ಲಿಗೆ ಮುಚ್ಚಿತು.

ಬೆಲೆಗಿಂತ ದೊಡ್ಡ ತೊಂದರೆ ಸಿನಿಮಾಗಳ ಹಂಚಿಕೆಯಲ್ಲಿತ್ತು. ಯೂನಿವರ್ಸಲ್ ಸ್ಟುಡಿಯೊದ ಸಿನಿಮಾ ಎಚ್‌ಡಿ ಡಿವಿಡಿಯಲ್ಲಿ ಮಾತ್ರ. ಸೋನಿ, ಡಿಸ್ನಿ, ಫಾಕ್ಸ್ ಬ್ಲೂ-ರೇಯಲ್ಲಿ ಮಾತ್ರ. ಎರಡರಲ್ಲೂ ಬಿಡುಗಡೆ ಮಾಡುತ್ತಿದ್ದ ಪ್ಯಾರಾಮೌಂಟ್ 2007ರ ಆಗಸ್ಟ್‌ನಲ್ಲಿ ಎಚ್‌ಡಿ ಡಿವಿಡಿ ಕಡೆ ವಾಲಿತು. ಎಲ್ಲ ಸಿನಿಮಾ ನೋಡಬೇಕಿದ್ದರೆ ಎರಡೂ ಪ್ಲೇಯರ್ ಬೇಕು, ಇಲ್ಲವೇ ಎರಡನ್ನೂ ಓದುವ ದುಬಾರಿ ಜಂಟಿ ಪ್ಲೇಯರ್ ಬೇಕು. ಚಿತ್ರದ ಗುಣಮಟ್ಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಎರಡೂ 1080 ಗೆರೆಯ ಚಿತ್ರ, ಎರಡೂ ಎಂಪೆಗ್-2, ವಿಸಿ-1, ಎಚ್.264 ಎಂಬ ಅದೇ ಮೂರು ಸಂಕುಚನ ವಿಧಾನಗಳನ್ನು ಬಳಸುತ್ತಿದ್ದವು. ಒಳ್ಳೆಯ ಸರಕು ಗೆದ್ದಿತು ಎನ್ನುವ ಮಾತಿಗೆ ಇಲ್ಲಿ ಆಧಾರ ಕಡಿಮೆ. ಯಾವ ಸ್ಟುಡಿಯೊ ಯಾರ ಕಡೆ ಎಂಬುದೇ ಗೆಲುವನ್ನು ತೀರ್ಮಾನಿಸಿತು.

ಹಾಗೆಂದು ಪೈಪೋಟಿಯಿಂದ ಏನೂ ಸಿಗಲಿಲ್ಲವೆಂದರೆ ಅನ್ಯಾಯವಾಗುತ್ತದೆ. ಎಚ್‌ಡಿ ಡಿವಿಡಿಗೆ ಪ್ರದೇಶ ಸಂಕೇತ ಇರಲಿಲ್ಲ. ಯಾವ ದೇಶದ ಡಿಸ್ಕ್ ಆದರೂ ಯಾವ ದೇಶದ ಪ್ಲೇಯರಿನಲ್ಲೂ ಓಡುತ್ತಿತ್ತು. ಇಂಟರ್ನೆಟ್ ಜೋಡಣೆ ಪ್ರತಿ ಪ್ಲೇಯರಿನಲ್ಲೂ ಕಡ್ಡಾಯವಾಗಿತ್ತು. ಬ್ಲೂ-ರೇ ಜಗತ್ತನ್ನು ಎ, ಬಿ, ಸಿ ಎಂದು ಮೂರು ಹೋಳು ಮಾಡಿತ್ತು (ಭಾರತ ಸಿ), ಮೊದಲ ಪ್ಲೇಯರುಗಳಲ್ಲಿ ಇಂಟರ್ನೆಟ್ ಕಡ್ಡಾಯವಿರಲಿಲ್ಲ. ಎಚ್‌ಡಿ ಡಿವಿಡಿ ಸೋತಾಗ ಪ್ರದೇಶದ ಬೇಲಿಯಿಲ್ಲದ ಡಿಸ್ಕೂ ಅದರೊಂದಿಗೇ ಹೋಯಿತು. ಅಮೆರಿಕದಲ್ಲಿರುವ ಮಗಳು ಊರಿಗೆ ಡಿಸ್ಕ್ ತಂದರೆ ಇಲ್ಲಿಯ ಪ್ಲೇಯರ್ ತಿರಸ್ಕರಿಸುವ ಕಿರಿಕಿರಿ ಆಮೇಲೂ ಉಳಿಯಿತು. ನನ್ನ ದೃಷ್ಟಿಯಲ್ಲಿ ಆ ಜಗಳದಲ್ಲಿ ಗ್ರಾಹಕರು ಕಳೆದುಕೊಂಡ ನಿಜವಾದ ಸೌಲಭ್ಯ ಇದೇ.

ಇನ್ನು ವಿಡಿಯೊ ಕ್ಯಾಸೆಟ್ ಕಾಲದ ಹಳೆಯ ಜಗಳ. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂತು, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ, ವಿಎಚ್‌ಎಸ್‌ನಲ್ಲಿ ಎರಡು. ಸೋನಿ ಟೇಪಿನ ವೇಗವನ್ನು ಅರ್ಧಕ್ಕಿಳಿಸಿ ಎರಡು ಗಂಟೆ ಮಾಡಿತು, ಅತ್ತ 1977ರಲ್ಲಿ ಅಮೆರಿಕದ ವಿಎಚ್‌ಎಸ್ ಯಂತ್ರಗಳು ನಾಲ್ಕು ಗಂಟೆಗೆ ಹೋದವು. 1983ರಲ್ಲಿ ಬೀಟಾ ಹೈ-ಫೈ ಧ್ವನಿ ತಂದರೆ ಮರುವರ್ಷ ವಿಎಚ್‌ಎಸ್ ಕೂಡ ತಂದಿತು. ಒಬ್ಬರನ್ನು ಕಂಡು ಇನ್ನೊಬ್ಬರು ಓಡಿದ್ದರಿಂದ ಆದ ಸುಧಾರಣೆಗಳಿವು. ಬೆಲೆ ಇಳಿದದ್ದಕ್ಕೆ ಕಾರಣ ಮಾತ್ರ ಬೇರೆ. ಜೆವಿಸಿ ತನ್ನ ವಿನ್ಯಾಸವನ್ನು ಮಾತ್ಸುಶಿತಾ, ಹಿಟಾಚಿ, ಶಾರ್ಪ್, ಮಿತ್ಸುಬಿಷಿ ಮುಂತಾದವರಿಗೆ ಧಾರಾಳವಾಗಿ ಕೊಟ್ಟಿತು. ಅವರೆಲ್ಲ ವಿಎಚ್‌ಎಸ್‌ನ ಒಳಗೇ ತಮ್ಮತಮ್ಮಲ್ಲಿ ಪೈಪೋಟಿ ನಡೆಸಿದರು. ಕೊನೆಗೆ 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ತಯಾರಿಸಿತು.

ಎದುರು ಪಕ್ಷದವರು ‘ಬೀಟಾ ಒಂದೇ ಗಂಟೆಯದು, ಅದಕ್ಕೇ ಸೋತಿತು’ ಎಂದರೆ ನಿಮಗೊಂದು ಉತ್ತರವಿದೆ. ಅದು ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯ ಯಂತ್ರಗಳ ಮಾತು. ಭಾರತ, ಯುರೋಪಿನ ಪಾಲ್ ಪದ್ಧತಿಯಲ್ಲಿ ಎಲ್-750 ಬೀಟಾ ಕ್ಯಾಸೆಟ್ 3 ಗಂಟೆ 15 ನಿಮಿಷ ಓಡುತ್ತದೆ, ಇ-180 ವಿಎಚ್‌ಎಸ್ 3 ಗಂಟೆ. ಇಲ್ಲಿ ಹೋಲಿಕೆಯೇ ಬೇರೆ. ಆದರೂ ಬೀಟಾ ಸೋತಿತು, ಏಕೆಂದರೆ ಕ್ಯಾಸೆಟ್ ಬಾಡಿಗೆ ಅಂಗಡಿಯವರು ಯಾವ ಯಂತ್ರ ಹೆಚ್ಚು ಮನೆಗಳಲ್ಲಿದೆಯೋ ಅದರ ಕ್ಯಾಸೆಟ್ಟನ್ನೇ ಇಡುತ್ತಿದ್ದರು, ಹೊಸಬರು ಅಂಗಡಿಯಲ್ಲಿ ಕ್ಯಾಸೆಟ್ ಸಿಗುವ ಯಂತ್ರವನ್ನೇ ಕೊಳ್ಳುತ್ತಿದ್ದರು. ಒಮ್ಮೆ ತಕ್ಕಡಿ ವಾಲಿದರೆ ಮತ್ತೆ ಮೇಲೇಳುವುದು ಕಷ್ಟ.

ಜಗಳವಾಗದೆಯೇ ಒಳ್ಳೆಯದಾದದ್ದಕ್ಕೆ ಡಿವಿಡಿ ಉದಾಹರಣೆ. 1995ರಲ್ಲಿ ಸೋನಿ–ಫಿಲಿಪ್ಸ್ ಒಂದು ಡಿಸ್ಕ್ ಹಿಡಿದು ಬಂದಿದ್ದವು, ತೋಷಿಬಾ–ಟೈಮ್ ವಾರ್ನರ್ ಇನ್ನೊಂದು. ಎರಡಾದರೆ ನಾವು ಒಪ್ಪುವುದಿಲ್ಲ ಎಂದು ಐಬಿಎಂ ಮೊದಲಾದ ಕಂಪ್ಯೂಟರ್ ಕಂಪನಿಗಳು ಪಟ್ಟುಹಿಡಿದವು. 0.6 ಮಿ.ಮೀ.ನ ಎರಡು ತಟ್ಟೆ ಅಂಟಿಸುವ ರಚನೆ ತೋಷಿಬಾ ಕಡೆಯದು, ದತ್ತಾಂಶ ಬರೆಯುವ ಸಂಕೇತ ಸೋನಿ–ಫಿಲಿಪ್ಸ್ ಕಡೆಯದು, ಎರಡೂ ಸೇರಿ ಡಿವಿಡಿ. ಆಮೇಲೆ ಪ್ಲೇಯರ್ ತಯಾರಿಸಿದವರು ಲೆಕ್ಕವಿಲ್ಲದಷ್ಟು, ಬೆಲೆ ಇಳಿಯುತ್ತಲೇ ಹೋಯಿತು, ಯಾರ ಡಿಸ್ಕೂ ಅನಾಥವಾಗಲಿಲ್ಲ. ಆದರೆ ಅದೇ ಡಿವಿಡಿಗೆ ಪ್ರದೇಶ ಸಂಕೇತದ ಬೇಲಿ ಹಾಕಿದಾಗ ಎದುರಾಗಿ ನಿಲ್ಲುವ ಬೇರೆ ಡಿಸ್ಕ್ ಇರಲಿಲ್ಲ ಎಂಬುದನ್ನೂ ಹೇಳಿ. ಎರಡೂ ಬದಿ ಹೇಳಿದವರ ಮಾತಿಗೆ ತೂಕ ಹೆಚ್ಚು.

ಪ್ರಶ್ನೆ: ಅಮೆರಿಕದಿಂದ ಮರಳಿದ ಅಣ್ಣ ತೋಷಿಬಾ ಎಚ್‌ಡಿ ಡಿವಿಡಿ ಪ್ಲೇಯರ್ ಮತ್ತು ಮೂವತ್ತು ಡಿಸ್ಕ್ ಕೊಟ್ಟಿದ್ದಾರೆ. ನಮ್ಮ ಬ್ಲೂ-ರೇ ಪ್ಲೇಯರಿನಲ್ಲಿ ಆ ಡಿಸ್ಕ್ ಓಡುತ್ತಿಲ್ಲ. ಬಳಸಲು ದಾರಿ ಇದೆಯೇ?
— ಓದುಗರು, ಮೈಸೂರು

ಉತ್ತರ: ಬ್ಲೂ-ರೇ ಪ್ಲೇಯರಿನಲ್ಲಿ ಓಡುವುದಿಲ್ಲ. ಎರಡಕ್ಕೂ 405 ನ್ಯಾನೊಮೀಟರಿನ ಅದೇ ಲೇಸರ್, ಆದರೆ ಬ್ಲೂ-ರೇಯಲ್ಲಿ ದತ್ತಾಂಶ ಮೇಲ್ಮೈಯಿಂದ 0.1 ಮಿ.ಮೀ. ಒಳಗಿದೆ, ಎಚ್‌ಡಿ ಡಿವಿಡಿಯಲ್ಲಿ 0.6 ಮಿ.ಮೀ. ಒಳಗೆ. ಅಷ್ಟು ಆಳಕ್ಕೆ ಬೆಳಕು ಕೂಡಿಸಲು ಬೇರೆಯೇ ಮಸೂರ ಬೇಕು.

ತೋಷಿಬಾ ಪ್ಲೇಯರನ್ನೇ ಬಳಸಿ. ನೇರವಾಗಿ ಗೋಡೆಯ ಪ್ಲಗ್ಗಿಗೆ ಮಾತ್ರ ಹಾಕಬೇಡಿ. ಹಿಂಬದಿಯ ಪಟ್ಟಿಯಲ್ಲಿ 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಪವರ್ ಸಪ್ಲೈ ಸುಟ್ಟುಹೋಗುತ್ತದೆ. 230ರಿಂದ 110ಕ್ಕೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಪಟ್ಟಿಯಲ್ಲಿ ಬರೆದ ವಾಟಿನ ಎರಡರಷ್ಟು ಸಾಮರ್ಥ್ಯದ್ದು ಸಾಕು. ಎಚ್‌ಡಿಎಂಐ ಕೇಬಲಿನಲ್ಲಿ ಟಿವಿಗೆ ಜೋಡಿಸಿ. ಎಚ್‌ಡಿ ಡಿವಿಡಿಗೆ ಪ್ರದೇಶದ ತಕರಾರು ಬರುವುದಿಲ್ಲ. ಮಾಮೂಲಿ ಡಿವಿಡಿಗೆ ಬರುತ್ತದೆ: ಪ್ಲೇಯರ್ ಪ್ರದೇಶ 1ರದು, ಭಾರತದ್ದು ಪ್ರದೇಶ 5. ಎಲ್ಲ ಪ್ರದೇಶಕ್ಕೂ ಸಲ್ಲುವ ಡಿಸ್ಕ್ ಆದರೂ ಪಾಲ್‌ನಲ್ಲಿದ್ದರೆ ಕೆಲವು ಅಮೆರಿಕನ್ ಪ್ಲೇಯರುಗಳು ಓದುವುದಿಲ್ಲ.

ಡಿಸ್ಕುಗಳನ್ನು ಒಂದೊಂದಾಗಿ ತಿರುವಿ ನೋಡಿ. ಎರಡೂ ಮುಖ ಕನ್ನಡಿಯಂತೆ ಹೊಳೆಯುತ್ತಿದ್ದು, ಅಕ್ಷರಗಳೆಲ್ಲ ನಡುವಿನ ಸಣ್ಣ ಉಂಗುರದಲ್ಲಷ್ಟೇ ಇದ್ದರೆ ಅದು ಜೋಡಿ ಡಿಸ್ಕ್ ಇರಬಹುದು: ಒಂದು ಮುಖ ಎಚ್‌ಡಿ ಡಿವಿಡಿ, ಇನ್ನೊಂದು ಮಾಮೂಲಿ ಡಿವಿಡಿ. ಆ ಎರಡನೆಯ ಮುಖವನ್ನು ಬ್ಲೂ-ರೇ ಪ್ಲೇಯರ್ ಕೂಡ ಓದಬಲ್ಲದು, ಪ್ರದೇಶ ಒಪ್ಪಿದರೆ. ಆಮೇಲೆ ದೀಪಕ್ಕೆ ಓರೆಯಾಗಿ ಹಿಡಿಯಿರಿ. ಅಂಟಿಸಿದ ಎರಡು ತಟ್ಟೆಗಳ ನಡುವೆ ಮಬ್ಬು, ಚುಕ್ಕೆ, ಅಂಚಿನಿಂದ ಒಳಸರಿಯುವ ಕಂದು ಬಣ್ಣ ಕಂಡರೆ ಒಳಗಿನ ಪದರ ಹಾಳಾಗುತ್ತಿದೆ, ಒರೆಸಿದರೆ ಹೋಗುವುದಿಲ್ಲ. ಅಂಥವನ್ನು ಮೊದಲು ನೋಡಿ ಮುಗಿಸಿ.

ಪ್ಲೇಯರ್ ಕೆಟ್ಟರೆ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಬೇಕಾದ ಹೆಸರುಗಳು: ಎಲ್‌ಜಿ ಬಿಎಚ್200, ಸ್ಯಾಮ್‌ಸಂಗ್ ಬಿಡಿ-ಯುಪಿ5000 ಜಂಟಿ ಪ್ಲೇಯರ್, ಅಥವಾ ಎಕ್ಸ್‌ಬಾಕ್ಸ್ 360ರ ಎಚ್‌ಡಿ ಡಿವಿಡಿ ಡ್ರೈವ್. ಕೊನೆಯದು ಯುಎಸ್‌ಬಿ ಮೂಲಕ ಕಂಪ್ಯೂಟರಿಗೂ ಸೇರುತ್ತದೆ.

ಪ್ರಶ್ನೆ: ಹೊಸ ಟಿವಿ ಕೊಳ್ಳಬೇಕು. ಒಂದರಲ್ಲಿ ಡಾಲ್ಬಿ ವಿಷನ್, ಇನ್ನೊಂದರಲ್ಲಿ ಎಚ್‌ಡಿಆರ್10 ಪ್ಲಸ್. ಸೋಲುವ ಕಡೆಯದನ್ನು ಕೊಂಡು ಮೋಸಹೋಗುತ್ತೇನೆಯೇ?
— ಓದುಗರು, ಬೆಂಗಳೂರು

ಉತ್ತರ: ಈ ಸಲ ಆ ಭಯ ಬೇಡ. 4ಕೆ ಬ್ಲೂ-ರೇ ಡಿಸ್ಕಿನಲ್ಲಿ ಎಚ್‌ಡಿಆರ್ (ಬೆಳಕು–ಕತ್ತಲೆಯ ಅಂತರವನ್ನು ಹೆಚ್ಚು ತೋರಿಸುವ) ಚಿತ್ರವಿದ್ದರೆ ಎಚ್‌ಡಿಆರ್10 ಎಂಬ ತಳಪದರ ಇರಲೇಬೇಕು, ಉಳಿದೆರಡು ಅದರ ಮೇಲಿನ ಅಲಂಕಾರ. ಯಾವುದೇ ಎಚ್‌ಡಿಆರ್ ಟಿವಿ ಆ ತಳಪದರವನ್ನು ತೋರಿಸುತ್ತದೆ. ಯಾರು ಸೋತರೂ ನಿಮ್ಮ ಟಿವಿಯಾಗಲಿ ಡಿಸ್ಕಾಗಲಿ ಮೂಲೆಗೆ ಹೋಗುವುದಿಲ್ಲ. ಫಾರ್ಮ್ಯಾಟ್ ಪೈಪೋಟಿ ನಡೆಯಬೇಕಾದ ರೀತಿ ಇದೇ ಎಂದು ನಾನು ನಂಬುತ್ತೇನೆ. ಲಾಂಛನ ಬಿಟ್ಟು ಪರದೆಯ ಬೆಳಕು ನೋಡಿ. ಮಂಕು ಪರದೆಯಲ್ಲಿ ಎರಡೂ ಒಂದೇ.

ಪ್ರಶ್ನೆ: ನಮ್ಮ ತಂದೆ–ತಾಯಿಯ 1985ರ ಮದುವೆ ಬೀಟಾ ಕ್ಯಾಸೆಟ್ಟಿನಲ್ಲಿದೆ. ಸ್ಟುಡಿಯೊದವರು ‘ಟೇಪ್ ಅಗಲ ಒಂದೇ, ವಿಎಚ್‌ಎಸ್ ಡಬ್ಬಿಗೆ ಸುತ್ತಿ ಓಡಿಸೋಣ’ ಎನ್ನುತ್ತಾರೆ. ಕೊಡಬಹುದೇ?
— ಓದುಗರು, ಮಂಗಳೂರು

ಉತ್ತರ: ದಯವಿಟ್ಟು ಕೊಡಬೇಡಿ. ಅಗಲ ಎರಡರದ್ದೂ ಅರ್ಧ ಇಂಚು, ಅದು ನಿಜ. ಆದರೆ ಚಿತ್ರ ಬರೆಯುವ ಡ್ರಮ್ಮಿನ ವ್ಯಾಸ ಬೀಟಾದಲ್ಲಿ 74.5 ಮಿ.ಮೀ., ವಿಎಚ್‌ಎಸ್‌ನಲ್ಲಿ 62 ಮಿ.ಮೀ. ಟೇಪ್ ಓಡುವ ವೇಗವೂ ಬೇರೆ: ಪಾಲ್ ಬೀಟಾ ಸೆಕೆಂಡಿಗೆ 1.87 ಸೆಂ.ಮೀ., ವಿಎಚ್‌ಎಸ್ 2.34 ಸೆಂ.ಮೀ. ಟೇಪಿನ ಮೇಲೆ ಚಿತ್ರ ಬರೆದ ಓರೆ ಗೆರೆಗಳು ಹೊಂದುವುದಿಲ್ಲ, ಪರದೆಯಲ್ಲಿ ಬರಿಯ ಗದ್ದಲ ಬರುತ್ತದೆ. ಮೇಲಾಗಿ ಬೀಟಾ ಟೇಪಿನ ತುದಿಯಲ್ಲಿ ಬೆಳ್ಳಿಯಂಥ ಲೋಹದ ಪಟ್ಟಿ ಇರುತ್ತದೆ, ಯಂತ್ರ ನಿಲ್ಲುವುದು ಅದನ್ನು ಗುರುತಿಸಿ. ವಿಎಚ್‌ಎಸ್ ಹುಡುಕುವುದು ಬೆಳಕು ಹಾಯುವ ಪಾರದರ್ಶಕ ತುದಿಯನ್ನು. ಅದು ಸಿಗದೆ ಕೊನೆಯಲ್ಲಿ ಟೇಪನ್ನು ಜಗ್ಗಿ ಹರಿಯಬಹುದು.

ಮೊದಲು ಕ್ಯಾಸೆಟ್ಟಿನ ಕಿಟಕಿಯಿಂದ ಸುತ್ತಿದ ಟೇಪಿನ ಅಂಚು ನೋಡಿ. ಕರಾವಳಿಯ ತೇವಕ್ಕೆ ಬಿಳಿ ಪುಡಿ, ಎಳೆ ಎಳೆಯಾದ ಬೂಷ್ಟು ಬಂದಿರುವುದು ಸಾಮಾನ್ಯ. ಬಂದಿದ್ದರೆ ಯಾವ ಯಂತ್ರಕ್ಕೂ ಹಾಕಬೇಡಿ. ಟೇಪ್ ಓದುವ ಹೆಡ್ ಕಟ್ಟಿಕೊಳ್ಳುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು ಒಣಗಿಸಿ, ಟೇಪ್ ಸ್ವಚ್ಛ ಮಾಡುವ ಅನುಭವವಿರುವವರಿಗೆ ಕೊಡಿ. ಬಿಸಿಲಿಗೆ ಇಡಬೇಡಿ.

ಬೇಕಾಗುವುದು ಪಾಲ್ ಬೀಟಾ ಡೆಕ್, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರ. ಅಮೆರಿಕದ ಎನ್‌ಟಿಎಸ್‌ಸಿ ಡೆಕ್ ಕೆಲಸಕ್ಕೆ ಬಾರದು. ಹಳೆಯ ಡೆಕ್ಕಿನಲ್ಲಿ ರಬ್ಬರ್ ಬೆಲ್ಟ್ ಕರಗಿ ಅಂಟಾಗಿರುತ್ತದೆ, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್ ಗಟ್ಟಿಯಾಗಿರುತ್ತದೆ. ಇವನ್ನು ಬದಲಿಸದೆ ಓಡಿಸಿದರೆ ಟೇಪ್ ಮಡಿಚಿಕೊಳ್ಳುತ್ತದೆ. ಹೆಡ್ ಒರೆಸಲು 99 ಶೇಕಡ ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ. ಡ್ರಮ್ ತಿರುಗುವ ದಿಕ್ಕಿನಲ್ಲೇ ಅಡ್ಡಕ್ಕೆ ಒರೆಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಹತ್ತಿ ಕಡ್ಡಿ ಬಳಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಬೇಡವಾದ ಒಂದು ಬೀಟಾ ಕ್ಯಾಸೆಟ್ ಹಾಕಿ ಹತ್ತು ನಿಮಿಷ ಓಡಿಸಿ, ತೆಗೆದು ಅಂಚು ನೋಡಿ. ಸುಕ್ಕಿಲ್ಲದಿದ್ದರೆ ಮಾತ್ರ ಮದುವೆಯದನ್ನು ಹಾಕಿ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಓಡಿಸಿ. ಕೀರಲು ಶಬ್ದ ಬಂದರೆ ತಕ್ಷಣ ನಿಲ್ಲಿಸಿ. ಟೇಪಿನ ಲೇಪ ಅಂಟುತ್ತಿದೆ ಎಂದರ್ಥ.

ಸ್ಟುಡಿಯೊದವರಿಗೆ ಹೀಗೆ ಬರೆದುಕೊಡಿ: 720×576, ಸೆಕೆಂಡಿಗೆ 25 ಫ್ರೇಮ್, 4:3. ಪರದೆ ತುಂಬಲಿ ಎಂದು 16:9ಕ್ಕೆ ಹಿಗ್ಗಿಸಬಾರದು, ಮದುಮಕ್ಕಳ ಮುಖ ಅಗಲವಾಗುತ್ತದೆ. ಅಗ್ಗದ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಹಳೆಯ ಟೇಪಿನ ನಡುಗುವ ಸಂಕೇತಕ್ಕೆ ಫ್ರೇಮ್ ಬಿಡುತ್ತದೆ. ಅರ್ಧ ಗಂಟೆಯಾಗುವಷ್ಟರಲ್ಲಿ ನಾಗಸ್ವರ ಒಂದು ಕಡೆ, ತಾಳಿ ಕಟ್ಟುವುದು ಇನ್ನೊಂದು ಕಡೆ ಆಗುತ್ತದೆ. ನಡುವೆ ಟೈಮ್ ಬೇಸ್ ಕರೆಕ್ಟರ್ (ನಡುಗುವ ಸಂಕೇತವನ್ನು ಸರಿಪಡಿಸುವ ಉಪಕರಣ) ಇಟ್ಟರೆ ಇದು ತಪ್ಪುತ್ತದೆ. ಮೂಲ ಪ್ರತಿಯನ್ನು ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲೇ ಕೇಳಿ ಪಡೆಯಿರಿ. ಗಂಟೆಗೆ ಸುಮಾರು 13 ಜಿಬಿ, ಪೂರ್ತಿ ಎಲ್-750 ಆದರೆ 42 ಜಿಬಿ. ಫೋನಿನಲ್ಲಿ ಹಂಚಲು ಸಣ್ಣ ಪ್ರತಿ ಆಮೇಲೆ ಮಾಡಿಸಬಹುದು. ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ. ಕ್ಯಾಸೆಟ್ಟನ್ನು ಎಸೆಯಬೇಡಿ, ಪುಸ್ತಕದಂತೆ ನೇರ ನಿಲ್ಲಿಸಿ ಒಣ ಜಾಗದಲ್ಲಿಡಿ.